ಹಿಂದಿನ ರಾತ್ರಿಯೇ ಹೆಚ್ಚಿದ ಬದನೆಕಾಯಿ, ಅರ್ಧ ಎಣ್ಣೆಯ ಎಣ್ಣೆಗಾಯಿ: ನನ್ನ ಅನುಭವ

ಎಣ್ಣೆಗಾಯಿಗೆ ಬದನೆಕಾಯಿಯನ್ನು ಮೊದಲು ಹಬೆಗೆ ಇಟ್ಟು, ಆಮೇಲೆ ಮಸಾಲೆ ತುಂಬುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ನಮ್ಮ ನೆಗೆಣ್ಣಿ ಅಂತೂ "ಅಕ್ಕಾ, ಅದೇನ್ ಇಡ್ಲಿ ಏನ್?" ಅಂದುಬಿಟ್ಟಳು. ಈಗ ಎರಡು ವರ್ಷದ ಮೇಲಾಯಿತು, ಹಾಗೇ ಮಾಡುತ್ತಿದ್ದೇನೆ. ಭಾನುವಾರದ ರೊಟ್ಟಿ ಊಟದ ಆರ್ಡರ್ ಬಂದಾಗ "ಎಣ್ಣೆಗಾಯಿ ಎರಡು ಜಾಸ್ತಿ ಹಾಕ್ರಿ" ಅನ್ನುವವರು ವಾರಕ್ಕೊಬ್ಬರಾದರೂ ಇದ್ದೇ ಇರುತ್ತಾರೆ. ಹಾಗಾಗಿ ಬರೆಯಬಹುದು ಅನ್ನಿಸಿತು.

ಧಾರವಾಡದಲ್ಲಿ ಮನೆಯ ಅಡುಗೆಮನೆಯಿಂದಲೇ ಡಬ್ಬಿ ಕೊಡುತ್ತೇನೆ. ಇಪ್ಪತ್ತರಿಂದ ಮೂವತ್ತು ಊಟ, ಹಬ್ಬ ಬಂದರೆ ನಲವತ್ತರ ಹತ್ತಿರ. ರೊಟ್ಟಿ, ಚಟ್ನಿಪುಡಿ, ಕಾಳುಪಲ್ಯ ಇದ್ಯಾವುದೂ ತಲೆನೋವಲ್ಲ. ತಲೆನೋವು ಬದನೆಕಾಯಿಯದೇ. ಬೆಳಿಗ್ಗೆ ಹೆಚ್ಚಿದರೆ ಹನ್ನೊಂದಕ್ಕೆ ಡಬ್ಬಿ ಕಳಿಸಲು ಆಗುವುದಿಲ್ಲ. ರಾತ್ರಿ ಹೆಚ್ಚಿಟ್ಟರೆ ಬೆಳಿಗ್ಗೆ ಒಳಗೆಲ್ಲ ಕಂದು. ಜೊತೆಗೆ ಎಷ್ಟು ಸುರಿದರೂ ಸಾಲದ ಎಣ್ಣೆ.

ಎಣ್ಣೆಯ ಲೆಕ್ಕ ನಿಜವಾಗಿ ಕಚ್ಚಿದ್ದು 2022ರಲ್ಲಿ. ಯುಕ್ರೇನ್ ಯುದ್ಧ ಶುರುವಾಗಿ ಸೂರ್ಯಕಾಂತಿ ಎಣ್ಣೆ ಲೀಟರಿಗೆ ಇನ್ನೂರರ ಹತ್ತಿರ ಹೋಯಿತಲ್ಲ, ಆಗ. ಎರಡು ಕಿಲೋ ಸಣ್ಣ ಕಾಯಿಗೆ ನಾನು ಹಾಕುತ್ತಿದ್ದದ್ದು ಸುಮಾರು ಮುನ್ನೂರೈವತ್ತು ಮಿಲಿ. ಎಪ್ಪತ್ತು ರೂಪಾಯಿ ಬರೀ ಎಣ್ಣೆಗೇ. ಎಷ್ಟೋ ಸಲ ಕಾಯಿಗಿಂತ ಎಣ್ಣೆಯೇ ತುಟ್ಟಿ ಬೀಳುತ್ತಿತ್ತು. ಡಬ್ಬಿಯ ದರ ಹತ್ತು ರೂಪಾಯಿ ಏರಿಸಿದ್ದಕ್ಕೇ ಮೂರ್ನಾಲ್ಕು ಮನೆಯವರು ಬಿಟ್ಟುಹೋದರು.

ಮೊದಲು ಬಣ್ಣದ ಹಿಂದೆ ಬಿದ್ದೆ. ಉಪ್ಪುನೀರು ಎಲ್ಲರಿಗೂ ಗೊತ್ತು. ಆದರೆ ಬದನೆಕಾಯಿ ತೇಲುತ್ತದೆ, ಒಳಗೆಲ್ಲ ಗಾಳಿ. ನೀರಿನಿಂದ ಮೇಲೆದ್ದ ಭಾಗ ಹತ್ತೇ ನಿಮಿಷದಲ್ಲಿ ಕೆಂಪಗಾಗುತ್ತದೆ, ಮುಳುಗಿದ್ದು ಬೆಳ್ಳಗೇ ಇರುತ್ತದೆ. ಒಂದೇ ಕಾಯಿಯಲ್ಲಿ ಎರಡೂ ಬಣ್ಣ, ನಡುವೆ ಗೆರೆ ಎಳೆದ ಹಾಗೆ. ಮೇಲೊಂದು ತಾಟು ಇಟ್ಟು ಅದರ ಮೇಲೆ ತುಂಬಿದ ಚಂಬು ಹೇರಿದರೆ ಇದಕ್ಕೆ ಪರಿಹಾರ. ಅರ್ಧ ಗಂಟೆಯ ಮಟ್ಟಿಗೆ ಉಪ್ಪುನೀರು ಚೆನ್ನ. ರಾತ್ರಿಯಿಡೀ ಬಿಟ್ಟರೆ ಕಾಯಿ ಉಪ್ಪು ಕುಡಿದು, ಎಷ್ಟು ಬೆಲ್ಲ ಹಾಕಿದರೂ ಮಸಾಲೆ ಸರಿಹೋಗುವುದಿಲ್ಲ.

ಮಜ್ಜಿಗೆ ನೀರಿನಲ್ಲಿಟ್ಟೆ. ಬಣ್ಣಕ್ಕೆ ಅದೇ ಎಲ್ಲಕ್ಕಿಂತ ಮೇಲು, ಆದರೆ ಹುಳಿ ವಾಸನೆ ಮಸಾಲೆಯನ್ನೂ ಮೀರಿ ಬಂತು. ಹುಣಸೆನೀರು ಪರವಾಗಿಲ್ಲ, ಹೇಗೂ ಮಸಾಲೆಗೆ ಹುಣಸೆ ಬೀಳುತ್ತದಲ್ಲ. ಆದರೆ ಒಂದು ರಾತ್ರಿಗೆ ಅದೂ ಸೋತಿತು. ಅಕ್ಕಿ ತೊಳೆದ ನೀರನ್ನೂ ಬಿಡಲಿಲ್ಲ. ಅದರಲ್ಲಿ ನನಗಂತೂ ಬರೀ ನೀರಿಗಿಂತ ಹೆಚ್ಚೇನೂ ಕಾಣಲಿಲ್ಲ. ಲಿಂಬೆಹಣ್ಣು ಕೆಲಸ ಮಾಡುತ್ತದೆ, ಬೇಸಿಗೆಯಲ್ಲಿ ಅದರ ರೇಟು ಕೇಳಿ ಕೈಬಿಟ್ಟೆ.

ಈ ನಡುವೆ ಒಂದು ಗೃಹಪ್ರವೇಶದ ಆರ್ಡರ್ ಬಂತು. ನಾಲ್ಕು ಕಿಲೋ ಕಾಯಿ, ರಾತ್ರಿಯೇ ಹೆಚ್ಚಿ ಹುಣಸೆನೀರಿನಲ್ಲಿಟ್ಟದ್ದು. ರುಚಿಗೆ ಏನೂ ಆಗಿರಲಿಲ್ಲ. ಆದರೆ ಮುರಿದು ನೋಡಿದವರು "ಒಳಗ ಕೆಟ್ಟಾವ ಏನ್ರಿ?" ಅಂದರು. ಊಟ ಪೂರ್ತಿ ಮುಗಿಸಿ, ಕೊಡುವಾಗ ಎರಡು ಸಾವಿರ ಹಿಡಿದುಕೊಂಡರು. ತಿಂದ ಮೇಲೆ ಕೆಟ್ಟದ್ದು ಅನ್ನುವುದು ಯಾವ ನ್ಯಾಯ, ನೀವೇ ಹೇಳಿ.

ಹಬೆಯ ಯೋಚನೆ ಬಂದದ್ದು ಆಮೇಲೆ. ಬಿಸಿ ತಾಗಿದ ಕಾಯಿ ಮತ್ತೆ ಕಪ್ಪಾಗುವುದಿಲ್ಲ ಅನ್ನುವುದು ಸುಟ್ಟ ಬದನೆಕಾಯಿ ಬಜ್ಜಿ ಮಾಡುವವರಿಗೆಲ್ಲ ಗೊತ್ತು. ಹಾಗಾದರೆ ಹೆಚ್ಚಿದ ತಕ್ಷಣ ಅರೆಬೇಯಿಸಿಟ್ಟರೆ? ಮೊದಮೊದಲು ಕುಕ್ಕರಿನಲ್ಲಿ ವೇಟ್ ಇಲ್ಲದೆ ಇಟ್ಟೆ. ಪೂರಾ ಮುದ್ದೆ. ತೊಟ್ಟು ಹಿಡಿದೆತ್ತಿದರೆ ತೊಟ್ಟು ಮಾತ್ರ ಕೈಗೆ ಬಂತು. ನೆಗೆಣ್ಣಿ ಅದನ್ನೇ ಕಲಸಿ ಬಜ್ಜಿ ಮಾಡಿ ರೊಟ್ಟಿ ಜೊತೆ ತಿಂದಳು, ಜೊತೆಗೆ ನಾಲ್ಕು ಮಾತೂ ಆಡಿದಳು. ಮೈಕ್ರೋವೇವ್‌ನಲ್ಲೂ ನೋಡಿದೆ. ನಾಲ್ಕು ಕಾಯಿಗೆ ಸರಿ. ನಲವತ್ತಕ್ಕೆ ಆಗದ ಮಾತು, ಒಂದು ಬೆಂದರೆ ಇನ್ನೊಂದರ ಸಿಪ್ಪೆ ತೊಗಲಾಗಿರುತ್ತದೆ.

ಈಗ ಮಾಡುವುದು ಹೀಗೆ. ಶನಿವಾರ ಸಂಜೆ ಕಾಯಿ ತರುತ್ತೇನೆ. ಒಂದೊಂದು ನಲವತ್ತೈದು, ಐವತ್ತು ಗ್ರಾಂ ತೂಗುವಂಥದ್ದು, ಕಿಲೋಗೆ ಇಪ್ಪತ್ತರ ಆಚೀಚೆ ಬರಬೇಕು. ಗಾತ್ರ ಒಂದೇ ಇರಲಿ, ಇಲ್ಲದಿದ್ದರೆ ಹಬೆಯ ಲೆಕ್ಕ ತಪ್ಪುತ್ತದೆ. ತೊಟ್ಟು ಹಸಿರಾಗಿರಬೇಕು, ಹೆಬ್ಬೆರಳಿಂದ ಒತ್ತಿದರೆ ಗುಳಿ ಬಿದ್ದು ವಾಪಸ್ ಬರಬೇಕು. ಬಲಿತದ್ದರಲ್ಲಿ ಬೀಜ ಗಟ್ಟಿ, ಕಹಿಯೂ ಬರಬಹುದು.

ತೂತಿಲ್ಲದ ಕಾಯಿ ಆರಿಸಿದೆ ಅಂತ ಬೀಗಬೇಡಿ. ಕಾಯಿಕೊರಕದ ಮರಿಹುಳು ಸಣ್ಣದಿರುವಾಗಲೇ ಒಳಗೆ ಹೋಗುತ್ತದೆ, ಹೆಚ್ಚಾಗಿ ತೊಟ್ಟಿನ ಟೋಪಿಯ ಅಡಿಯಿಂದ. ಆ ತೂತು ಮುಚ್ಚಿಹೋಗುತ್ತದೆ. ನಮಗೆ ಕಾಣುವ ದೊಡ್ಡ ದುಂಡು ತೂತು ಹುಳು ಬೆಳೆದು ಹೊರಗೆ ಹೋದದ್ದು. ಅಂದರೆ ತೂತಿದ್ದ ಕಾಯಲ್ಲಿ ಹುಳು ಇಲ್ಲದಿರಬಹುದು, ನುಣುಪಾಗಿ ಹೊಳೆಯುವ ಕಾಯಲ್ಲೇ ಇರಬಹುದು! ಇದೇ ಹುಳು ತಡೆಯಲೆಂದು ಕುಲಾಂತರಿ (ಬಿಟಿ) ಬದನೆ ತಯಾರಿಸಿದ್ದರು. ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೆಲಸದಲ್ಲಿ ಮಾಲಾಪುರ, ಕುಡಚಿ ಲೋಕಲ್ ತಳಿಗಳೂ ಇದ್ದವು. 2010ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಅದಕ್ಕೆ ತಡೆ ಹಾಕಿತು. ಅದರ ವಾದ ದೊಡ್ಡದು, ನನಗೆ ಬೇಡ. ನಾನಂತೂ ಸೀಳಿದ ಪ್ರತಿ ಕಾಯನ್ನೂ ಬೆಳಕಿಗೆ ಹಿಡಿದು ಬಿಡಿಸಿ ನೋಡುತ್ತೇನೆ. ಎರಡು ಕಿಲೋದಲ್ಲಿ ಮೂರ್ನಾಲ್ಕು ಹೋಗುತ್ತವೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಆ ಲೆಕ್ಕ ಹಿಡಿದೇ ಕಾಯಿ ತರಬೇಕು.

ಹೆಚ್ಚುವುದಕ್ಕೆ ಸ್ಟೀಲ್ ಚಾಕು. ಅತ್ತೆಯವರ ಹಳೇ ಕಬ್ಬಿಣದ ಈಳಿಗೆ ಎಷ್ಟೇ ಹರಿತವಿರಲಿ, ಅದರಲ್ಲಿ ಹೆಚ್ಚಿದ ಬದನೆಯ ಅಂಚು ನೀರಿಗೆ ಹಾಕುವಷ್ಟರಲ್ಲೇ ಕರ್ರಗಾಗುತ್ತದೆ. ತೊಟ್ಟನ್ನು ಅರ್ಧ ಬೆರಳಷ್ಟು ಬಿಟ್ಟು ಕತ್ತರಿಸಿ, ಟೋಪಿಯ ಮುಳ್ಳು ಕೆರೆದು, ಬುಡದಿಂದ ಮೇಲಕ್ಕೆ ಸೀಳುತ್ತೇನೆ. ಮೊದಲ ಸೀಳು ಟೋಪಿಗೆ ಒಂದು ಬೆರಳು ದೂರದಲ್ಲಿ ನಿಲ್ಲಬೇಕು. ಅಡ್ಡ ಸೀಳು ಅದಕ್ಕಿಂತ ಸ್ವಲ್ಪ ಕೆಳಗೇ ನಿಲ್ಲಬೇಕು. ಎರಡೂ ಒಂದೇ ಎತ್ತರಕ್ಕೆ ಹೋದರೆ ತುಂಬುವಾಗ ಒಂದು ಎಸಳು ಕಿತ್ತು ಬರುವುದು ಗ್ಯಾರಂಟಿ.

ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಉಪ್ಪು, ಮೇಲೆ ತಾಟು, ಇಪ್ಪತ್ತು ನಿಮಿಷ. ಆ ನೀರಿಗೆ ಇನ್ನೊಂದು ಚಿಟಿಕೆ ಬೀಳುತ್ತದೆ. ಅದು ಏನು ಅಂತ ನೆಗೆಣ್ಣಿಗೇ ಹೇಳಿಲ್ಲ, ಇಲ್ಲಿ ಹೇಳುತ್ತೇನಾ? ಅದಿಲ್ಲದೆಯೂ ನಡೆಯುತ್ತದೆ ಬಿಡಿ. ಆಮೇಲೆ ಸೀಳು ಕೆಳಗೆ ಮಾಡಿ ಜರಡಿಯ ಮೇಲೆ ನಿಲ್ಲಿಸಿ ನೀರಿಳಿಸಬೇಕು. ನೇರಳೆ ಕಾಯಾದರೆ ಸಿಪ್ಪೆಗೆ ಎಣ್ಣೆ ಕೈ ಆಡಿಸುತ್ತೇನೆ, ಬಣ್ಣ ಪೂರ್ತಿ ಅಲ್ಲದಿದ್ದರೂ ಸುಮಾರಾಗಿ ಉಳಿಯುತ್ತದೆ.

ಇಡ್ಲಿ ಪಾತ್ರೆಯ ನೀರು ಭರ್ರನೆ ಕುದಿಯುತ್ತಿರುವಾಗ ಒಂದೇ ಪದರ ಕಾಯಿ ಇಟ್ಟು, ನಾಲ್ಕೂವರೆ ಐದು ನಿಮಿಷ. ಒಂದರ ಮೇಲೊಂದು ಹೇರಿದರೆ ಮೇಲಿನವು ಹಸಿ, ಕೆಳಗಿನವು ಮುದ್ದೆ. ಸರಿಯಾಗಿ ಆದದ್ದಕ್ಕೆ ಗುರುತು ಇದು: ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯಬೇಕು, ತೊಟ್ಟಿನ ಬುಡ ಮಾತ್ರ ಇನ್ನೂ ಗಟ್ಟಿ ಇರಬೇಕು. ತೆಗೆದ ಕೂಡಲೇ ಫ್ಯಾನಿನ ಕೆಳಗೆ ಬಿಡಿಬಿಡಿಯಾಗಿ ಹರಡಬೇಕು. ಬಿಸಿ ಇರುವಾಗ ಡಬ್ಬಿಗೆ ತುಂಬಿದರೆ ಒಳಗೊಳಗೇ ಬೇಯುತ್ತವೆ. ಆರಿದ ಮೇಲೆ ಮುಚ್ಚಿ ಫ್ರಿಜ್ಜಿಗೆ. ಹಸಿ ಬದನೆಕಾಯಿಗೆ ಫ್ರಿಜ್ಜಿನ ಚಳಿ ಆಗುವುದಿಲ್ಲ, ಬೀಜ ಕಂದಾಗುತ್ತದೆ. ಅರೆಬೆಂದದ್ದಕ್ಕೆ ಆ ಚಿಂತೆ ಇಲ್ಲ.

ಬೆಳಿಗ್ಗೆ ಎದ್ದು ಶೇಂಗಾ, ಗುರೆಳ್ಳು, ಕೊಬ್ಬರಿಯ ಮಸಾಲೆ ತುಂಬುವುದಷ್ಟೇ ಕೆಲಸ. ಮೊದಲು ನಾಲ್ಕೂವರೆಗೆ ಏಳುತ್ತಿದ್ದೆ, ಈಗ ಆರಕ್ಕೆ.

ಎಣ್ಣೆಯದು ಬೋನಸ್ಸು, ನಾನು ಅದನ್ನು ಎಣಿಸಿರಲಿಲ್ಲ. ಹಸಿ ಕಾಯಿ ಒಳಗಿನ ಗಾಳಿಯ ಜಾಗಕ್ಕೆಲ್ಲ ಎಣ್ಣೆ ಎಳೆದುಕೊಳ್ಳುತ್ತದೆ. ಹಬೆಯಲ್ಲಿ ಕುಸಿದ ಕಾಯಿ ಕುಡಿಯುವುದೇ ಇಲ್ಲ. ಈಗ ಎರಡು ಕಿಲೋಗೆ ನೂರೈವತ್ತು, ನೂರಅರವತ್ತು ಮಿಲಿ ಸಾಕು. ಅತ್ತೆಯವರು ಮೊದಲಿಂದಲೂ "ಎಣ್ಣಿ ತೇಲಲಿಲ್ಲಂದ್ರ ಅದು ಎಣ್ಣಿಗಾಯಿ ಹ್ಯಾಂಗ ಆಗತದವಾ?" ಅನ್ನುತ್ತಿದ್ದರು. ಹಬೆಯ ಕಾಯಿಯ ಬೋಗುಣಿ ನೋಡಿ "ಇಷ್ಟ್ಯಾಕ ಎಣ್ಣಿ ಸುರಿದಿ, ತುಟ್ಟಿ ಆಗೇದ" ಅಂತ ಬೈದರು. ಹಾಕಿದ್ದು ಅರ್ಧಕ್ಕಿಂತ ಕಡಿಮೆ, ಅಷ್ಟೂ ಮೇಲೇ ಕೆಂಪಗೆ ನಿಂತಿತ್ತು. ನಾನು ಸುಮ್ನೆ ನಕ್ಕೆ. ಅಳತೆ ಹೇಳಿದ್ದು ಅವರು ಎರಡನೇ ಸಲ ಬಡಿಸಿಕೊಂಡ ಮೇಲೆ.

2024ರ ಸೆಪ್ಟೆಂಬರಿನಲ್ಲಿ ಅಡುಗೆ ಎಣ್ಣೆಯ ಆಮದು ಸುಂಕ ಏರಿಸಿದಾಗ ಡಬ್ಬಿಯ ದರ ಮುಟ್ಟದೆ ಉಳಿದೆ. ವಾರಕ್ಕೆ ಮೂವತ್ತು ರೂಪಾಯಿ ಎಣ್ಣೆ ಉಳಿತಾಯ ದೊಡ್ಡದಲ್ಲ ಅನ್ನಬಹುದು. ಬಿಸಾಡುವ ಕಾಯಿ ತಪ್ಪಿದ್ದು, ಬೆಳಗಿನ ಗ್ಯಾಸು ಕಡಿಮೆಯಾದದ್ದು ಸೇರಿಸಿದರೆ ತಿಂಗಳಿಗೆ ಮುನ್ನೂರರಿಂದ ನಾನ್ನೂರು ಆಗುತ್ತದೆ. ಎಳ್ಳಮಾವಾಸ್ಯೆಯ ವಾರದಲ್ಲಿ ಕಾಯಿ ಕಿಲೋ ಎಂಬತ್ತಕ್ಕೆ ಏರುತ್ತದೆ, ಆಗ ಒಂದು ದಿನ ಮೊದಲೇ, ಶುಕ್ರವಾರ ತಂದು ಹಬೆಗೆ ಹಾಕಿ ನೋಡಿದೆ. ಎರಡು ರಾತ್ರಿ ತಡೆಯುವುದಿಲ್ಲ. ಬಣ್ಣ ಸರಿಯಿರುತ್ತದೆ, ಆದರೆ ನೀರು ಬಿಟ್ಟು ಸಪ್ಪೆಯಾಗುತ್ತದೆ. ಒಂದು ರಾತ್ರಿಗಷ್ಟೇ ಈ ಉಪಾಯ.

ಉಡುಪಿಯಿಂದ ಬೀಗರು ಒಮ್ಮೆ ಮಟ್ಟು ಗುಳ್ಳ ತಂದಿದ್ದರು, 2011ರಲ್ಲಿ ಜಿಐ (ಭೌಗೋಳಿಕ ಗುರುತು) ಸಿಕ್ಕಿದ ಬದನೆ ತಳಿ, ದುಂಡನೆ ತಿಳಿಹಸಿರು. ಅದರ ಮೇಲೂ ಇದನ್ನೇ ಮಾಡಿದೆ. ಕಾಯಿ ದೊಡ್ಡದು, ಹೊರಗೆ ಬೇಯುವಷ್ಟರಲ್ಲಿ ಒಳಗೆ ಹಸಿ. ಮೇಲಾಗಿ ಅದರ ರುಚಿಗೆ ನಮ್ಮ ಗುರೆಳ್ಳು ಮಸಾಲೆ ಒಗ್ಗಲಿಲ್ಲ. ಉಳಿದದ್ದನ್ನು ಬೀಗರೇ ಹೋಳು ಮಾಡಿ, ತೊಗರಿಬೇಳೆಯ ಜೊತೆ ಹುಳಿ ಮಾಡಿದರು. ಹಬೆಯೂ ಇಲ್ಲ, ಉಪ್ಪುನೀರೂ ಇಲ್ಲ, ಹೆಚ್ಚಿದ್ದೇ ನೇರ ಪಾತ್ರೆಗೆ. ವಾಂಗಿಭಾತಿನ ಉದ್ದ ಹಸಿರು ಕಾಯಿಗೂ ನಾನು ಈಗ ಹಾಗೇ ಮಾಡುತ್ತೇನೆ: ಒಗ್ಗರಣೆ ಕಾದಿರುವಾಗ ಪಕ್ಕದಲ್ಲೇ ನಿಂತು ಹೆಚ್ಚುತ್ತಾ, ಹೆಚ್ಚುತ್ತಾ ಹಾಕುವುದು.