ಮಳೆಗಾಲದಲ್ಲಿ ನಿಂತ ಕಾರು, ತುಕ್ಕು ಹಿಡಿದ ಪೆಟ್ರೋಲ್ ಟ್ಯಾಂಕ್

ಅಪ್ಪನ ಹಳೇ ಮಾರುತಿ 800, ಕಾರ್ಬುರೇಟರ್ ಗಾಡಿ. ಸಾಗರದ ಮನೆಯ ಶೆಡ್‌ನಲ್ಲಿ ಮಳೆಗಾಲ ಪೂರ್ತಿ ನಿಂತಿತ್ತು. ಟ್ಯಾಂಕ್‌ನಲ್ಲಿ ಇದ್ದದ್ದು ಕಾಲು ಭಾಗ ಪೆಟ್ರೋಲ್ ಅಷ್ಟೇ, ತುಂಬಿಸದೆ ಬಿಟ್ಟದ್ದು ನನ್ನ ತಪ್ಪು. ಅಕ್ಟೋಬರ್‌ನಲ್ಲಿ ಹೊರಗೆ ತೆಗೆದರೆ ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಜರ್ಕ್ ಹೊಡೆದು ನಿಂತಿತು. ಪೆಟ್ರೋಲ್ ಫಿಲ್ಟರ್ ಬದಲಾಯಿಸಿದೆ. ಮೂರೇ ದಿನಕ್ಕೆ ಅದೂ ಕಟ್ಟಿಕೊಂಡಿತು. ಬಿಚ್ಚಿ ಬಿಳಿ ತಟ್ಟೆಗೆ ಬಗ್ಗಿಸಿದರೆ ಚಹಾಪುಡಿಯಂಥ ತುಕ್ಕು, ಪೆಟ್ರೋಲ್‌ನ ಅಡಿಯಲ್ಲಿ ಬೇರೆಯಾಗಿ ಉರುಳಾಡುವ ನೀರಿನ ಹನಿಗಳು.

ಟ್ಯಾಂಕ್ ಖಾಲಿ ಇದ್ದಷ್ಟೂ ಒಳಗೆ ಗಾಳಿ ಜಾಸ್ತಿ ಅಲ್ವಾ? ರಾತ್ರಿ ತಣ್ಣಗಾದಾಗ ಆ ಗಾಳಿಯ ತೇವ ತಗಡಿನ ಮೇಲೆ ಬೆವರಿನ ಹಾಗೆ ಕೂರುತ್ತದೆ. ಜೊತೆಗೆ ಈಗಿನ ಪೆಟ್ರೋಲ್‌ನಲ್ಲಿ ಎಥೆನಾಲ್ ಇರುತ್ತದೆ, ಇ20 ಅಂದರೆ ನೂರರಲ್ಲಿ 20 ಪಾಲು. ಅದು ನೀರನ್ನು ಎಳೆದುಕೊಳ್ಳುತ್ತದೆ, ನೀರು ಜಾಸ್ತಿಯಾದರೆ ಎರಡೂ ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ತಳ ಸೇರುತ್ತವೆ. ಉಕ್ಕಿನ ಟ್ಯಾಂಕ್ ಕೊಳೆಯುವುದು ಅಲ್ಲಿಂದಲೇ. ಹೊಸ ಕಾರುಗಳ ಪ್ಲಾಸ್ಟಿಕ್ ಟ್ಯಾಂಕ್‌ಗೆ ತುಕ್ಕಿನ ಕಾಟವಿಲ್ಲ, ಆದರೆ ನೀರು ಅದರಲ್ಲೂ ನಿಲ್ಲುತ್ತದೆ.

ಬ್ಯಾಟರಿ ವೈರ್ ಬಿಚ್ಚಿ, ಬಯಲಲ್ಲಿ ಪೆಟ್ರೋಲ್ ಇಳಿಸಿ ಟ್ಯಾಂಕ್ ಕೆಳಗಿಳಿಸಿದೆ. ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಗೇಜ್‌ನ ಫ್ಲೋಟ್ ಹೊರಗೆ ತೆಗೆದಿಟ್ಟೆ. ಸೋಪಿನ ನೀರಲ್ಲಿ ಎರಡು ಸಲ ಪೂರ್ತಿ ತುಂಬಿಸಿ ಚೆಲ್ಲಿದೆ. ಆಮೇಲೆ ತಂತಿ ಕಟ್ಟಿದ ಹಳೇ ಸೈಕಲ್ ಚೈನ್ ಒಳಗೆ ಬಿಟ್ಟು ಅರ್ಧ ಗಂಟೆ ಅಲ್ಲಾಡಿಸಿದೆ. ತಂತಿ ಕಟ್ಟದೆ ಬಿಟ್ಟರೆ ಚೈನ್ ಒಳಗಿನ ಅಡ್ಡ ತಗಡುಗಳ ಮಧ್ಯೆ ಸಿಕ್ಕಿಕೊಳ್ಳುತ್ತದೆ. ನಂತರ ಟ್ಯಾಂಕ್ ತುಂಬ ಬಿಸಿನೀರು, ಅದರಲ್ಲಿ ಒಂದೂವರೆ ಕೆಜಿ ನಿಂಬೆಉಪ್ಪು (ಸಿಟ್ರಿಕ್ ಆಸಿಡ್), ಒಂದು ಹಗಲು ಒಂದು ರಾತ್ರಿ. ಬೆಳಗ್ಗೆ ಬಗ್ಗಿಸಿದಾಗ ನೀರು ಕಪ್ಪು-ಹಸಿರು. ಟಾರ್ಚ್ ಹಾಕಿ ನೋಡಿದರೆ ಬೂದುಬಣ್ಣದ ಬರೀ ಉಕ್ಕು ಕಂಡಿತು, ತುಂಬಾ ಖುಷಿಯಾಯಿತು.

ಇಲ್ಲೇ ಅವಸರ ಬೇಕು. ಒದ್ದೆ ಉಕ್ಕನ್ನು ಸುಮ್ನೆ ಬಿಟ್ಟರೆ ಅರ್ಧ ಗಂಟೆಯಲ್ಲೇ ಕೇಸರಿ ಬಣ್ಣದ ಹೊಸ ತುಕ್ಕು ಏಳುತ್ತದೆ. ಅಡುಗೆ ಸೋಡಾ ನೀರಲ್ಲಿ ತೊಳೆದು, ಬ್ಲೋವರ್‌ನಿಂದ ಗಾಳಿ ಬಿಟ್ಟು ಒಣಗಿಸಿ, ತಕ್ಷಣ ಸ್ವಲ್ಪ ಟೂ-ಸ್ಟ್ರೋಕ್ ಆಯಿಲ್ ಹಾಕಿ ಎಲ್ಲ ಮೂಲೆಗೂ ತಾಗುವಂತೆ ತಿರುಗಿಸಿದೆ.

ತೂತು ಕಂಡರೆ ದಯವಿಟ್ಟು ಹಾಗೇ ವೆಲ್ಡಿಂಗ್‌ಗೆ ಕೊಡಬೇಡಿ. ಖಾಲಿ ಟ್ಯಾಂಕ್‌ನಲ್ಲಿ ಉಳಿದ ಪೆಟ್ರೋಲ್ ಆವಿ ಗಾಳಿ ಜೊತೆ ಬೆರೆತು ಸಿಡಿಯುತ್ತದೆ, ಜೀವ ಹೋಗುತ್ತದೆ. ಬೇರೆ ಟ್ಯಾಂಕ್ ಹಾಕಿಸಿ.

ಈ ವರ್ಷ ಜೂನ್ ಮೊದಲ ವಾರವೇ ಟ್ಯಾಂಕ್ ಫುಲ್ ಮಾಡಿಸಿ, ಕ್ಯಾಪ್‌ಗೆ ಹೊಸ ರಬ್ಬರ್ ವಾಷರ್ ಹಾಕಿದೆ. ವಾರಕ್ಕೊಮ್ಮೆ ಪೇಟೆಗೆ ಹೋಗಿ ಬರುತ್ತೇನೆ. ಫಿಲ್ಟರ್ ಒಳಗಿನ ಪೆಟ್ರೋಲ್ ಇನ್ನೂ ತಿಳಿಯಾಗಿಯೇ ಇದೆ.