ಮೊದಲು ಚೆಕ್‌ಇನ್ ಕೇಳಿ, ಆಮೇಲೆ ಮೈಸೂರಿಗೆ ಹೊರಡಿ

ತುಮಕೂರಿನಿಂದ ಮೈಸೂರಿಗೆ ಎರಡು ದಿನದ ಟ್ರಿಪ್ ಅಂದರೆ ಹೆಚ್ಚಿನ ಮನೆಗಳಲ್ಲಿ ಲೆಕ್ಕ ಒಂದೇ. ಶನಿವಾರ ನಸುಕಿಗೇ ಹೊರಡೋದು, ಭಾನುವಾರ ರಾತ್ರಿ ವಾಪಸ್. ಬೆಳಿಗ್ಗೆ ಒಂಬತ್ತೂವರೆಗೇ ಕಾರು ಹೋಟೆಲ್ ಮುಂದೆ ನಿಂತಿರುತ್ತದೆ. ರೂಮು ಸಿಗುವುದು ಮಧ್ಯಾಹ್ನ 12ಕ್ಕೋ 2ಕ್ಕೋ. ಅಜ್ಜಿಗೆ ಲಾಬಿಯ ಸೋಫಾದಲ್ಲಿ ಕಾಲು ಚಾಚಲು ಮುಜುಗರ. ಮಗು ಸೂಟ್‌ಕೇಸಿನ ಮೇಲೇ ಒರಗಿ ನಿದ್ದೆ ಹೋಗಿದೆ. ‘ಕ್ಲೀನಿಂಗ್ ನಡೀತಿದೆ ಸಾರ್, ಹತ್ತೇ ನಿಮಿಷ’ ಅನ್ನುವ ಮಾತು ಮೂರನೇ ಸಲ ಕೇಳಿಬರುತ್ತದೆ.

ರೂಮಿನ ವೇಳೆ ಮೊದಲು ಗೊತ್ತುಮಾಡಿಕೊಂಡು, ನೋಡುವ ಜಾಗಗಳನ್ನು ಅದರ ಸುತ್ತ ಹೊಂದಿಸಿಕೊಂಡರೆ ಈ ಪಾಡು ಇಲ್ಲ.

ಹೋಟೆಲಿಗೇ ಫೋನ್ ಮಾಡಿ

ರೂಮು ಕೊಡುವುದರಲ್ಲಿ ಎರಡು ಪದ್ಧತಿ ಇದೆ. ಒಂದು, ಎಲ್ಲರಿಗೂ ಒಂದೇ ವೇಳೆ: ಮಧ್ಯಾಹ್ನ ಒಳಗೆ, ಮರುದಿನ 11 ಅಥವಾ 12ಕ್ಕೆ ಹೊರಗೆ. ಇನ್ನೊಂದು 24 ಗಂಟೆಯದು. ಸಂಜೆ 5ಕ್ಕೆ ಕೀ ತಗೊಂಡರೆ ಮರುದಿನ ಸಂಜೆ 5ರವರೆಗೆ ರೂಮು ನಿಮ್ಮದು. ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್ ಅಕ್ಕಪಕ್ಕದ ಹಳೆಯ ಲಾಡ್ಜ್‌ಗಳಲ್ಲಿ ಈ ಪದ್ಧತಿ ಜಾಸ್ತಿ. ಅದೇ ಲಾಡ್ಜನ್ನು ಆ್ಯಪ್‌ನಲ್ಲಿ ಬುಕ್ ಮಾಡಿದರೆ ಲೆಕ್ಕ ಬೇರೆ ಇರಬಹುದು. ಮಧ್ಯಾಹ್ನ 2ರಿಂದ ಮರುದಿನ 11 ಅಂದರೆ ಒಂದು ದಿನದ ಬಾಡಿಗೆಗೆ ಸಿಗೋದು 21 ಗಂಟೆ ಮಾತ್ರ. ಹಾಗಾಗಿ ಬಾಡಿಗೆ ಕೇಳುವ ಮೊದಲೇ ಇದನ್ನು ಕೇಳಿ:

‘ಸಾರ್, ನಿಮ್ಮದು 24 ಗಂಟೆನಾ, ಇಲ್ಲ 12ಕ್ಕೆ ಚೆಕ್‌ಔಟಾ? ಬೇಗ ಬಂದರೆ ಲಗೇಜ್ ಇಡಬಹುದಾ? ಫ್ರೆಷ್ ಆಗೋಕೆ ಜಾಗ ಇದೆಯಾ? ಬೇಗ ರೂಮು ಕೊಟ್ಟರೆ ಎಕ್ಸ್‌ಟ್ರಾ ಎಷ್ಟು?’

ಕೆಲವು ಕಡೆ ಅರ್ಧ ದಿನದ ಬಾಡಿಗೆ ಕೇಳುತ್ತಾರೆ. ಹಿಂದಿನ ರಾತ್ರಿ ರೂಮು ಖಾಲಿ ಇದ್ದರೆ ಸುಮ್ನೆ ಕೊಟ್ಟುಬಿಡುವವರೂ ಇದ್ದಾರೆ. ಹೊರಡುವ ಹಿಂದಿನ ದಿನ ಸಂಜೆ ಮತ್ತೊಮ್ಮೆ ಕೇಳಿ, ಆಗ ಅವರಿಗೂ ಖಚಿತವಾಗಿ ಗೊತ್ತಿರುತ್ತದೆ. ಒಪ್ಪಿದ ಮಾತನ್ನು ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಹಾಕಿಸಿಕೊಳ್ಳಿ. ಫೋನ್ ಎತ್ತಿದವರೇ ಮರುದಿನ ಡ್ಯೂಟಿಯಲ್ಲಿ ಇರಬೇಕಲ್ಲ!

ಅರಮನೆ ದೀಪ ಭಾನುವಾರ

ವಾರಾಂತ್ಯದ ಪ್ಲಾನ್ ಎಡವುವುದು ಇಲ್ಲೇ. ಅರಮನೆಗೆ ಪೂರ್ತಿ ದೀಪ ಹಾಕುವುದು ಭಾನುವಾರ ಮತ್ತು ಸರ್ಕಾರಿ ರಜೆಯ ದಿನ, ಸಂಜೆ 7ಕ್ಕೆ. ಮಕ್ಕಳು ಹಟ ಹಿಡಿಯುವುದು ಅದಕ್ಕೇ. ಆದರೆ ಶನಿವಾರ ರೂಮು ತಗೊಂಡವರು ಭಾನುವಾರ 11ಕ್ಕೆಲ್ಲ ಖಾಲಿ ಮಾಡಬೇಕು. ಅಲ್ಲಿಂದ ದೀಪ ಹತ್ತುವವರೆಗೆ ಎಂಟು ಗಂಟೆ ಕಾಲ ಮಲಗಲು ಮಂಚವಿಲ್ಲ, ಬಚ್ಚಲೂ ಇಲ್ಲ. ವಯಸ್ಸಾದವರು ಜೊತೆಗಿದ್ದರೆ ಇದು ಸಣ್ಣ ಮಾತಲ್ಲ.

ನನ್ನ ಪ್ರಕಾರ ಇದಕ್ಕೆ 24 ಗಂಟೆಯ ಲಾಡ್ಜೇ ಸರಿ. ಶನಿವಾರ ಮನೆಯಲ್ಲೇ ಊಟ ಮುಗಿಸಿ ಒಂದೂವರೆ ಹೊತ್ತಿಗೆ ಹೊರಡಿ. ಕುಣಿಗಲ್, ಹುಲಿಯೂರುದುರ್ಗ, ಮದ್ದೂರು ಮೇಲೆ ಹೋದರೆ ಬೆಂಗಳೂರಿನ ಟ್ರಾಫಿಕ್ ಮುಟ್ಟುವುದೇ ಬೇಡ. ಮದ್ದೂರಲ್ಲಿ ವಡೆ, ಕಾಫಿ ಮುಗಿಸಿದರೂ ಐದೂವರೆ ಆಸುಪಾಸಿಗೆ ರೂಮು ಸೇರಬಹುದು. ಭಾನುವಾರ ಬೆಳಿಗ್ಗೆ ಬಿಸಿಲೇರುವ ಮುಂಚೆ ಚಾಮುಂಡಿ ಬೆಟ್ಟ. ಹತ್ತು ಗಂಟೆಗೆ ಅರಮನೆ ತೆರೆಯುತ್ತದೆ, ಒಳಗೆಲ್ಲ ನೋಡಿ. ಊಟ ಆದ ಮೇಲೆ ರೂಮಿಗೆ ಬಂದು ಮಲಗಿ. ಐದಕ್ಕೆ ಸ್ನಾನ ಮಾಡಿ, ರೂಮು ಖಾಲಿ ಮಾಡಿ, ಲಗೇಜ್ ಕಾರಿಗೆ ಹಾಕಿ, ದೀಪ ನೋಡಿಕೊಂಡು ಹೊರಡಿ. ಮನೆ ಸೇರುವಾಗ ಹನ್ನೊಂದೂವರೆ ಆಗುತ್ತದೆ. ಸೋಮವಾರದ ಸ್ಕೂಲು ಆಯಾ ಮನೆಯವರ ತಲೆನೋವು.

ಮಧ್ಯಾಹ್ನದ ಚೆಕ್‌ಇನ್ ಇರುವ ಹೋಟೆಲೇ ಬೇಕೆನ್ನುವವರು, ಮಕ್ಕಳಿಗೆ ರಜೆ ಇದ್ದರೆ, ಭಾನುವಾರ–ಸೋಮವಾರ ಹೋಗಲಿ. ಭಾನುವಾರ ರಾತ್ರಿ ಬಾಡಿಗೆಯೂ ಸಾಮಾನ್ಯವಾಗಿ ಇಳಿದಿರುತ್ತದೆ. ಬೆಳಿಗ್ಗೆ ಬೇಗ ಹೊರಟು ನೇರ ಮೈಸೂರಿಗೆ ಹೋಗದೆ ಶ್ರೀರಂಗಪಟ್ಟಣದಲ್ಲಿ ಇಳಿಯಿರಿ. ಮಧ್ಯಾಹ್ನ ಬಾಗಿಲು ಹಾಕುವ ಮುಂಚೆ ರಂಗನಾಥಸ್ವಾಮಿ ದರ್ಶನ, ಆಮೇಲೆ ರಂಗನತಿಟ್ಟಿನಲ್ಲಿ ದೋಣಿ. ರೂಮು ಸಿಗುವ ಹೊತ್ತಿಗೆ ಮೈಸೂರು ತಲುಪುತ್ತೀರಿ. ಮೃಗಾಲಯವನ್ನು ಸೋಮವಾರಕ್ಕೆ ಇಟ್ಟುಕೊಳ್ಳಿ, ಮಂಗಳವಾರ ಅದಕ್ಕೆ ರಜೆ. ಬೆಳಿಗ್ಗೆ 8.30ಕ್ಕೇ ತೆರೆದರೂ 11ರ ಚೆಕ್‌ಔಟ್ ಇಟ್ಟುಕೊಂಡು ಒಳಗೆ ಹೋಗಬೇಡಿ. ಜಿರಾಫೆ ಮುಂದೆ ನಿಂತು ಗಡಿಯಾರ ನೋಡುವಂತಾಗುತ್ತದೆ. ರೂಮು ಖಾಲಿ ಮಾಡಿ, ಬ್ಯಾಗು ರಿಸೆಪ್ಷನ್‌ನಲ್ಲಿ ಬಿಟ್ಟು ಹೋಗಿ. ನಡೆಯಲಾಗದವರಿಗೆ ಅಲ್ಲಿ ಬ್ಯಾಟರಿ ಗಾಡಿ ಇದೆ.

ಕೈಚೀಲ ಬೇರೆ ಇರಲಿ

ಬಿಟ್ಟುಹೋದ ಬ್ಯಾಗು ಮಧ್ಯೆ ಕೈಗೆ ಸಿಗುವುದಿಲ್ಲ. ಅದಕ್ಕೇ ಅಜ್ಜಿಯ ಬಿಪಿ ಮಾತ್ರೆ, ಮಗುವಿಗೆ ಒಂದು ಜೊತೆ ಬಟ್ಟೆ, ಟವೆಲ್, ಚಾರ್ಜರ್, ನೀರಿನ ಬಾಟಲಿ ಒಂದು ಕೈಚೀಲದಲ್ಲಿ ಇರಲಿ. ಒಡವೆ, ದುಡ್ಡೂ ನಿಮ್ಮ ಬಳಿಯೇ. ರೈಲಿನಲ್ಲಿ ಹೋಗುವವರು ಸ್ಟೇಷನ್ನಿನ ಕ್ಲೋಕ್ ರೂಮನ್ನು ನಂಬಿದ್ದರೆ ಬ್ಯಾಗಿಗೆ ಬೀಗ ಹಾಕಿ. ಬೀಗ ಇಲ್ಲದ್ದನ್ನು ಅಲ್ಲಿ ತಗೊಳ್ಳುವುದಿಲ್ಲ. ಟಿಕೆಟ್ಟೂ ಜೋಪಾನ.

ದೊಡ್ಡವರೆಲ್ಲರ ಗುರುತಿನ ಚೀಟಿ ಬೇಕು, ಬುಕ್ ಮಾಡಿದವರದ್ದು ಮಾತ್ರ ಸಾಲದು. ಪ್ಯಾನ್ ಕಾರ್ಡಿನಲ್ಲಿ ವಿಳಾಸ ಇಲ್ಲದ ಕಾರಣ ಬಹಳ ಕಡೆ ಒಪ್ಪುವುದಿಲ್ಲ. ಆಧಾರ್, ಡ್ರೈವಿಂಗ್ ಲೈಸೆನ್ಸ್, ವೋಟರ್ ಐಡಿ ಯಾವುದಾದರೂ ನಡೆಯುತ್ತದೆ. ಮಕ್ಕಳ ವಯಸ್ಸನ್ನು ಬುಕ್ ಮಾಡುವಾಗಲೇ ಹೇಳಿ, ಎಕ್ಸ್‌ಟ್ರಾ ಬೆಡ್ಡಿನ ದರವನ್ನೂ ಕೇಳಿ. ಬಿಲ್ಲಿನಲ್ಲಿ ಜಿಎಸ್‌ಟಿ ಗಮನಿಸಿ: 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ 5.

ದಸರಾ ಸಮಯದಲ್ಲಿ ಮಾತ್ರ ಈ ಯಾವ ಚೌಕಾಸಿಯೂ ನಡೆಯುವುದಿಲ್ಲ. ಒಬ್ಬರು ಖಾಲಿ ಮಾಡುತ್ತಿದ್ದ ಹಾಗೇ ಇನ್ನೊಬ್ಬರು ಬಾಗಿಲಲ್ಲಿ ನಿಂತಿರುತ್ತಾರೆ, ಬೇಗ ರೂಮು ಕೊಡಿ ಅಂದರೆ ಎಲ್ಲಿಂದ ಕೊಟ್ಟಾರು? ಆ ಹತ್ತು ದಿನಗಳಲ್ಲೇ ಹೋಗಬೇಕು ಅನ್ನುವವರು ಮಂಡ್ಯದಲ್ಲೋ ಶ್ರೀರಂಗಪಟ್ಟಣದಲ್ಲೋ ರೂಮು ಹುಡುಕುವುದು ವಾಸಿ.