ಫಾರ್ಮಸಿ ಪಾಠಕ್ಕೆ ಮಾಹಿತಿ ಹುಡುಕುವುದು: ನನ್ನ ಅನುಭವ

ಬಿ.ಫಾರ್ಮ್ ತರಗತಿಗೆ ಏನಾದರೂ ಹುಡುಕುವ ಮುನ್ನ ನಾನು ಕೇಳಿಕೊಳ್ಳುವುದು ಒಂದೇ: ಬೇಕಿರುವುದು ಔಷಧದ ಗುಣಮಟ್ಟದ ಮಾನದಂಡವೋ, ಡೋಸೋ, ಸಂಶೋಧನಾ ಲೇಖನವೋ? ಮೂರೂ ಒಂದೇ ಕಡೆ ಸಿಗುವುದಿಲ್ಲ.

ಮಾನದಂಡವಾದರೆ ಲೈಬ್ರರಿಯ ರೆಫರೆನ್ಸ್ ವಿಭಾಗದ ಇಂಡಿಯನ್ ಫಾರ್ಮಕೋಪಿಯವೇ (ಐಪಿ, ಭಾರತದ ಅಧಿಕೃತ ಔಷಧ ಮಾನದಂಡಗಳ ಗ್ರಂಥ) ಸೈ. ಕೈಯಿಂದ ಕೈಗೆ ಬಂದ ಲ್ಯಾಬ್ ಮ್ಯಾನ್ಯುಯಲ್‌ಗಳಲ್ಲಿ ಐಪಿ ಮಿತಿಗೂ ಅಮೆರಿಕದ ಫಾರ್ಮಕೋಪಿಯವಾದ ಯುಎಸ್‌ಪಿ ಮಿತಿಗೂ ಗೊಂದಲವಾಗಿರುತ್ತದೆ. ಮಾತ್ರೆಯ ತೂಕದ ಪರೀಕ್ಷೆಯನ್ನೇ ನೋಡಿ. ಐಪಿ ಪ್ರಕಾರ ಸರಾಸರಿ ತೂಕ 80 ಮಿ.ಗ್ರಾಂವರೆಗೆ ಇದ್ದರೆ ಅನುಮತಿಸಿದ ವ್ಯತ್ಯಾಸ ಶೇ. 10, ಅದಕ್ಕಿಂತ ಹೆಚ್ಚಿದ್ದು 250ಕ್ಕಿಂತ ಕಡಿಮೆಯಿದ್ದರೆ ಶೇ. 7.5, 250 ಮತ್ತು ಮೇಲ್ಪಟ್ಟು ಶೇ. 5. ಯುಎಸ್‌ಪಿ ಪಟ್ಟಿಯಲ್ಲಿ ಗಡಿಗಳು 130 ಮತ್ತು 324. 20 ಮಾತ್ರೆಗಳಲ್ಲಿ ಎರಡಕ್ಕಿಂತ ಹೆಚ್ಚು ಮಿತಿ ಮೀರಬಾರದು. ಸರಾಸರಿ 100 ಮಿ.ಗ್ರಾಂ ಇರುವಲ್ಲಿ ಮೂರು ಮಾತ್ರೆ 109 ತೂಗಿದರೆ ಯುಎಸ್‌ಪಿ ಪಟ್ಟಿಯಂತೆ ಪಾಸು, ಐಪಿಯಂತೆ ಫೇಲು. ಹಾಗಾಗಿ ಮಿತಿಯ ಪಕ್ಕದಲ್ಲೇ ಫಾರ್ಮಕೋಪಿಯದ ಹೆಸರು, ಆವೃತ್ತಿಯ ವರ್ಷ ಬರೆಸುತ್ತೇನೆ. ಆವೃತ್ತಿ ಬಂದ ಮೇಲೆ ಹೊರಡುವ ತಿದ್ದುಪಡಿ ಪಟ್ಟಿಯನ್ನೂ ನೋಡಲೇಬೇಕು.

ಡೋಸ್‌ಗೆ ಡೈಲಿಮೆಡ್ ಜಾಲತಾಣದ ಔಷಧ ಲೇಬಲ್ ಚೆನ್ನಾಗಿದೆ, ಆದರೆ ಅದು ಅಮೆರಿಕದ್ದು. ನೋವು ನಿವಾರಕ ನಿಮೆಸುಲೈಡ್‌ಗೆ ಅಲ್ಲಿ ಅನುಮತಿಯೇ ಸಿಕ್ಕಿಲ್ಲ. ನಮ್ಮಲ್ಲಿ 2011ರಿಂದ 12 ವರ್ಷದೊಳಗಿನ ಮಕ್ಕಳಿಗೆ ಕೊಡುವಂತಿಲ್ಲ. ಇಂಥದ್ದಕ್ಕೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒದ ಪ್ರಕಟಣೆಗಳೇ ಆಧಾರ.

ಲೇಖನಗಳಿಗೆ ಪಬ್‌ಮೆಡ್ ಎಂಬ ವೈದ್ಯಕೀಯ ಲೇಖನಗಳ ಆನ್‌ಲೈನ್ ಸೂಚಿ. ಇಲ್ಲಿ ಎಡವುವುದು ಹೆಸರಿನಲ್ಲಿ. ಅದರ ಲೇಖನಗಳಿಗೆ ವಿಷಯಪದ ಹಚ್ಚಲು ಬಳಸುವ ಮೆಶ್ ಪದಕೋಶದಲ್ಲಿ ಪ್ಯಾರಾಸಿಟಮಾಲ್ ಇರುವುದು ಅಸೆಟಮಿನೊಫೆನ್ ಎಂದು, ಸಾಲ್ಬ್ಯುಟಮಾಲ್ ಇರುವುದು ಆಲ್ಬ್ಯುಟೆರಾಲ್ ಎಂದು. ಸುಮ್ಮನೆ ಟೈಪ್ ಮಾಡಿದರೆ ಪಬ್‌ಮೆಡ್ ತಾನೇ ಹೊಂದಿಸಿಕೊಳ್ಳುತ್ತದೆ. ಉದ್ಧರಣ ಚಿಹ್ನೆಯನ್ನೋ ಕೊನೆಗೊಂದು ನಕ್ಷತ್ರವನ್ನೋ ಹಾಕಿದಿರೋ, ಆ ಹೊಂದಾಣಿಕೆ ನಿಂತುಹೋಗುತ್ತದೆ. ಅಡ್ವಾನ್ಸ್‌ಡ್ ಪುಟದ ಹಿಸ್ಟರಿಯಲ್ಲಿ ಡೀಟೇಲ್ಸ್ ತೆರೆದರೆ ಅದು ನಿಜಕ್ಕೂ ಏನನ್ನು ಹುಡುಕಿತು ಎಂಬುದು ಕಾಣುತ್ತದೆ. ಬರೀ ಮೆಶ್ ನೆಚ್ಚಿದರೂ ಸಾಲದು, ಏಕೆಂದರೆ ತೀರಾ ಹೊಸ ಲೇಖನಗಳಿಗೆ ಮೆಶ್ ಪದ ಇನ್ನೂ ಸೇರಿರುವುದಿಲ್ಲ. ಮೆಶ್ ಪದಕ್ಕೆ ‘ಆರ್’ (OR, ಅಂದರೆ ‘ಅಥವಾ’) ಹಾಕಿ, ಎರಡೂ ಹೆಸರುಗಳನ್ನು ಶೀರ್ಷಿಕೆ ಮತ್ತು ಸಾರಾಂಶದಲ್ಲಿ ಹುಡುಕಿ. ಭಾರತದ ಬ್ರಾಂಡ್ ಹೆಸರು ಕೊಟ್ಟರೆ ಹೆಚ್ಚೇನೂ ದಕ್ಕುವುದಿಲ್ಲ.

ಪೂರ್ಣ ಲೇಖನಕ್ಕೆ ಮೊದಲು ಅದನ್ನು ಉಚಿತವಾಗಿ ಕೊಡುವ ಪಬ್‌ಮೆಡ್ ಸೆಂಟ್ರಲ್, ನಂತರ ಹೆಲಿನೆಟ್ ಎಂಬ ಡಿಜಿಟಲ್ ಲೈಬ್ರರಿ ಜಾಲ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಇದ್ದೂ ಕೆಲವರು ಹೆಲಿನೆಟ್ ತೆರೆಯುವುದೇ ಇಲ್ಲ, ಅದು ನನಗೆ ಬಹಳ ಬೇಸರದ ಸಂಗತಿ. ಅಲ್ಲೂ ಇಲ್ಲವೆಂದರೆ ಲೈಬ್ರರಿಯನ್‌ಗೆ ಲೇಖನದ ಗುರುತು ಸಂಖ್ಯೆಯಾದ ಪಿಎಂಐಡಿ ಅಥವಾ ಡಿಒಐ ಬರೆದುಕೊಡಿ. ಕಾಲೇಜು ಲೈಬ್ರರಿಗಳ ಜಾಲವಾದ ಡೆಲ್ನೆಟ್‌ನ ಸದಸ್ಯವಾಗಿದ್ದರೆ ಅವರು ಬೇರೆ ಲೈಬ್ರರಿಯಿಂದ ತರಿಸಬಲ್ಲರು. ‘ಡಯಾಬಿಟಿಸ್ ಬಗ್ಗೆ ಒಂದು ಪೇಪರ್’ ಎಂದು ಕೇಳಿದರೆ ಅವರಾದರೂ ಏನು ಮಾಡಿಯಾರು?

ಪುಸ್ತಕಗಳಲ್ಲೂ ಒಂದು ತೊಡಕಿದೆ. ಲೈಬ್ರರಿಗಳು ಪುಸ್ತಕ ಜೋಡಿಸಲು ಬಳಸುವ ಡ್ಯೂಯಿ ವರ್ಗೀಕರಣದಲ್ಲಿ ಔಷಧಶಾಸ್ತ್ರ 615, ಅನಲಿಟಿಕಲ್ ಕೆಮಿಸ್ಟ್ರಿ 543, ಆರ್ಗ್ಯಾನಿಕ್ 547. 543ರಲ್ಲಿರುವ ಎಚ್‌ಪಿಎಲ್‌ಸಿ (ಒಂದು ವಿಶ್ಲೇಷಣಾ ವಿಧಾನ) ಪುಸ್ತಕಕ್ಕೆ 615ರ ಕಪಾಟು ತಡಕಾಡಿ ‘ಇಲ್ಲ’ ಎಂದು ವಾಪಸಾಗುವ ವಿದ್ಯಾರ್ಥಿಗಳಿಗೆ ಓದಬೇಕಾದ ಪುಸ್ತಕದ ಹೆಸರಿನ ಜೊತೆ ಕಾಲ್ ನಂಬರನ್ನೂ (ಕಪಾಟಿನ ಜಾಗ ಸೂಚಿಸುವ ಸಂಖ್ಯೆ) ಬರೆದುಕೊಡುತ್ತೇನೆ.